ಅಮ್ಮನ ಠೇವಣಿ

ಕೇಳುಗರೆ, ನಮಸ್ಕಾರ.

ನಮ್ಮಮ್ಮ 81ನೇ ವಯಸ್ಸಿನಲ್ಲಿ ಬಚ್ಚಲಲ್ಲಿ ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಆಪರೇಷನ್ ಆಗಿ ಮನೆಗೆ ಬಂದ ಮೇಲೆ, ರಾತ್ರಿ ಜೊತೆಗಿರಲು ಒಬ್ಬ ಹೆಂಗಸನ್ನು ಗೊತ್ತುಮಾಡೋಣ ಎಂದೆ. ಬ್ಯಾಂಕಿನಲ್ಲಿ ಅವರದೇ ಠೇವಣಿ ಇತ್ತು. "ಅದನ್ನ ಮುಟ್ಟಬೇಡ ಕಣೇ, ಅದು ನಿನಗೂ ನಿನ್ನ ತಮ್ಮಂಗೂ" ಅಂದರು. ನಾವು ಮುಟ್ಟಲಿಲ್ಲ. ನನ್ನನ್ನು ನಿದ್ದೆಯಿಂದ ಎಬ್ಬಿಸಬಾರದೆಂದು ಅಮ್ಮ ಸಂಜೆಯಾದ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಇದು ನನಗೆ ಗೊತ್ತಾದದ್ದು ಮೂತ್ರದ ಸೋಂಕಾಗಿ ಮತ್ತೆ ಆಸ್ಪತ್ರೆಗೆ ಸೇರಿಸಿದಾಗ. ಅವರು ಹೋದ ಮೇಲೆ ಠೇವಣಿ ನಮ್ಮಿಬ್ಬರ ಪಾಲಿಗೆ ಬಂತು. ಆ ದುಡ್ಡು ತೆಗೆದಾಗಲೆಲ್ಲ ಅವರ ಬತ್ತಿದ ತುಟಿ ಕಣ್ಣಮುಂದೆ ಬರುತ್ತದೆ.

ಮಕ್ಕಳಿಗೆ ಏನಾದರೂ ಬಿಟ್ಟುಹೋಗಬೇಕೆಂಬುದು ನಮ್ಮ ಹಿರಿಯರ ದೊಡ್ಡ ಆಸೆ. ಆ ಪ್ರೀತಿಗೆ ನಾನು ಕೈಮುಗಿಯುತ್ತೇನೆ. ಆದರೆ ಮುಪ್ಪಿನ ಆರೈಕೆಗೂ ದುಡ್ಡು ಬೇಕು. ಆರೋಗ್ಯ ವಿಮೆ ಇದ್ದರೂ ಅದು ಹೆಚ್ಚಾಗಿ ಆಸ್ಪತ್ರೆಯ ಬಿಲ್ಲಿಗೆ ಮಾತ್ರ. ಮನೆಯಲ್ಲಿ ಮಗ್ಗುಲು ಹೊರಳಿಸುವ, ಸ್ನಾನ ಮಾಡಿಸುವ ಕೈಗಳಿಗೆ ತಿಂಗಳ ಸಂಬಳ ನಾವೇ ಕೊಡಬೇಕು.

ಅದಕ್ಕೇ ಹಿರಿಯರಲ್ಲಿ ನನ್ನದೊಂದು ಬೇಡಿಕೆ: ಬದುಕಿರುವಾಗಲೇ ಮನೆಯನ್ನು ದಾನಪತ್ರ ಮಾಡಿ ಕೊಟ್ಟುಬಿಡಬೇಡಿ. ದಾನಪತ್ರ ನೋಂದಣಿಯಾದರೆ ಮನೆ ಕೈಬಿಟ್ಟಂತೆ. ಉಯಿಲು ಬರೆದರೆ ಕಣ್ಣುಮುಚ್ಚುವವರೆಗೂ ಅದು ನಿಮ್ಮದೇ, ಮನಸ್ಸು ಬದಲಾದರೆ ಉಯಿಲನ್ನೂ ಬದಲಿಸಬಹುದು.

ಈಗಾಗಲೇ ಕೊಟ್ಟಿದ್ದರೆ? 2007ರಲ್ಲಿ ಬಂದ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಇದೆ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ನೋಡಿಕೊಳ್ಳದೇ ಹೋದರೆ, ಆ ದಾನಪತ್ರ ರದ್ದು ಮಾಡಿಕೊಡಿ ಎಂದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಆದರೆ ಷರತ್ತು ಇತ್ತೆಂದು ತೋರಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2022ರ ಡಿಸೆಂಬರಿನಲ್ಲಿ ಹೇಳಿತು. 2025ರ ಜನವರಿಯಲ್ಲಿ ಒಬ್ಬ ತಾಯಿಯ ಮೊಕದ್ದಮೆಯಲ್ಲಿ, ಕೊನೆತನಕ ನೋಡಿಕೊಳ್ಳುತ್ತೇನೆಂದು ಮಗ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ ಮಾತನ್ನೂ ಲೆಕ್ಕಕ್ಕೆ ಹಿಡಿದು ದಾನಪತ್ರ ರದ್ದಾಗುವಂತೆ ತೀರ್ಪಿತ್ತಿತು. ಕೊಡಲೇಬೇಕೆಂದಿದ್ದರೆ "ನನ್ನನ್ನು ಕೊನೆತನಕ ನೋಡಿಕೊಳ್ಳತಕ್ಕದ್ದು" ಎಂಬ ಸಾಲನ್ನು ಪತ್ರದಲ್ಲೇ ಬರೆಸಿ. ಮಗನ ಮುಂದೆ ಈ ಸಾಲು ಬರೆಸಲು ಎಷ್ಟು ಸಂಕೋಚವಾಗುತ್ತದೆಂದು ನನಗೆ ಗೊತ್ತು. ಆದರೂ ಬರೆಸಿ.

ಇನ್ನೊಂದು ದಾರಿ ರಿವರ್ಸ್ ಮಾರ್ಟ್‌ಗೇಜ್. 60 ದಾಟಿದವರು ಸ್ವಂತ ಮನೆಯನ್ನು ಬ್ಯಾಂಕಿಗೆ ಅಡವಿಟ್ಟು ತಿಂಗಳು ತಿಂಗಳು ಹಣ ಪಡೆಯಬಹುದು, ಅದೇ ಮನೆಯಲ್ಲೇ ಇರಬಹುದು. ಗಂಡ ಹೆಂಡತಿ ಇಬ್ಬರೂ ತೀರಿದ ಮೇಲೆ ಮಕ್ಕಳು ಸಾಲ ತೀರಿಸಿ ಮನೆ ಉಳಿಸಿಕೊಳ್ಳುತ್ತಾರೆ, ಇಲ್ಲವೇ ಬ್ಯಾಂಕು ಮಾರಿ, ಸಾಲ ಕಳೆದು ಮಿಕ್ಕದ್ದನ್ನು ಅವರಿಗೇ ಕೊಡುತ್ತದೆ. 2007ರಿಂದ ಇದ್ದರೂ ನಮ್ಮಲ್ಲಿ ಇದಕ್ಕೆ ಕೈಹಾಕಿದವರು ಕಡಿಮೆ. ಮನೆ ಅಡವಿಡುವುದೆಂದರೆ ಮಾನ ಅಡವಿಟ್ಟಂತೆ ಎಂದು ಬೆಳೆದವರಲ್ಲವೇ ನಾವು.

ಮಕ್ಕಳೇ, ನಿಮಗೂ ಒಂದು ಮಾತು. ಅಪ್ಪ ಅಮ್ಮ ಈ ಲೆಕ್ಕವನ್ನು ತಾವಾಗಿ ಎತ್ತುವುದಿಲ್ಲ. "ನಿಮ್ಮ ದುಡ್ಡು ನಿಮಗೇ ಖರ್ಚಾಗಲಿ" ಎಂದು ನೀವೇ ಮೊದಲು ಹೇಳಿ. ನಾನು ಅಮ್ಮನಿಗೆ ಹೇಳಲಿಲ್ಲ.

ನನಗೀಗ 63. ಕಳೆದ ತಿಂಗಳು ಮಗನನ್ನೂ ಮಗಳನ್ನೂ ಕೂರಿಸಿಕೊಂಡು, ಈ ಮನೆ ಮೊದಲು ನನ್ನ ಮತ್ತು ನಿಮ್ಮಪ್ಪನ ಆರೈಕೆಗೆ, ಮಿಕ್ಕಿದ್ದು ನಿಮಗೆ ಎಂದೆ. ಮಗಳು ತಲೆಯಾಡಿಸಿದಳು. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಮ್ಮ, ಬಚ್ಚಲಿಗೆ ಹಿಡಿಕೆ ಯಾವಾಗ ಹಾಕಿಸೋಣ?" ಎಂದು ಕೇಳಿದ. ಮೊನ್ನೆ ಭಾನುವಾರ ಹಾಕಿಸಿದೆವು.

ನಮಸ್ಕಾರ.