ಕ್ಯಾಸನೂರಿನ ಕಾಡಂಚಿನಲ್ಲಿ

ನೀವೀಗ ನೋಡುತ್ತಿರುವುದು ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಅಂಚು. ಜನವರಿಯ ಬೆಳಗು, ಮಂಜು ಇನ್ನೂ ಕರಗಿಲ್ಲ. ಒಳಗೆ ಹೋಗುವುದಿಲ್ಲ, ಇದು ಮಂಗನ ಕಾಯಿಲೆ ಹರಡುವ ಉಣುಗಿನ ಕಾಲ.

1957ರ ಮಾರ್ಚ್‌ನಲ್ಲಿ ಇಲ್ಲಿ ಕಪ್ಪು ಮೂತಿಯ ಮುಸಿಯ, ಕೆಂಪು ಮೂತಿಯ ಮಂಗ ಎರಡೂ ಸತ್ತು ಬೀಳುತ್ತಿದ್ದವು. ಸುತ್ತಲ ಹಳ್ಳಿಗಳಲ್ಲಿ ಜನರಿಗೆ ಸುಡುವ ಜ್ವರ, ಮೈಕೈ ಮುರಿಯುವ ನೋವು; ಕೆಲವರಿಗೆ ಮೂಗು, ವಸಡಿನಿಂದ ರಕ್ತ. ಸುದ್ದಿ ಮುಟ್ಟಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ. 1952ರಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ಕಟ್ಟಿದ ಕೇಂದ್ರ ಅದು. ಅಲ್ಲಿಯವರಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳ ಸಾವೇ ಅದರ ಮುನ್ಸೂಚನೆ. ಏಷ್ಯಾದಲ್ಲಿ ಆ ಜ್ವರ ಎಂದೂ ಬೇರೂರಿರಲಿಲ್ಲ, ಆದರೆ ಅದನ್ನು ಹರಡಬಲ್ಲ ಸೊಳ್ಳೆ ನಮ್ಮ ಊರೂರಲ್ಲೂ ಇತ್ತು. ಎದೆ ನಡುಗಿಸುವ ಸಂಗತಿ.

ಆ ಕೇಂದ್ರದ ವಿಜ್ಞಾನಿಗಳಾದ ಟೆಲ್‌ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ವೈರಸ್ಸನ್ನು ಹಿಡಿದೇ ಬಿಟ್ಟರು. ಹಳದಿ ಜ್ವರವಲ್ಲ, ರಷ್ಯಾದ ಕಾಡುಗಳಲ್ಲಿ ಉಣುಗಿನಿಂದ ಬರುವ ಮೆದುಳು ಜ್ವರದ ಹತ್ತಿರದ ನಂಟು. ಮುಂದೆ, ಕೊಲಂಬಿಯಾದಲ್ಲಿ ಹಳದಿ ಜ್ವರದ ಬೆನ್ನು ಹತ್ತಿದ್ದ ವಿಜ್ಞಾನಿ ಹೋರ್ಹೆ ಬೊಶೆಲ್ ಕೂಡ ಈ ಮಲೆನಾಡಿಗೆ ಬಂದರು. ಕಾಡು ಕಡಿದು ದನ ಮೇಯಿಸಿದಲ್ಲಿ ಉಣುಗು ಹೆಚ್ಚುತ್ತದೆ ಎಂದು ಅವರು ಬರೆದರು. ದನವೇ ಬಾಳಾಗಿರುವ ಈ ಊರುಗಳಲ್ಲಿ ನಿಂತು ಆ ಮಾತನ್ನು ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಮಂಗನ ಕಾಯಿಲೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ವಿಮಾನ ಹತ್ತಿ ಹೋಗುವುದಿಲ್ಲ. ಹಾಗಾಗಿ ಲೋಕದ ದಿಗಿಲು ಇಳಿಯಿತು, ಆಸ್ಥೆಯೂ ಇಳಿಯಿತು ಎಂದೇ ನನ್ನ ಅನಿಸಿಕೆ. ಕಾಯಿಲೆ ಮಾತ್ರ ವಯನಾಡು, ಗೋವಾ, ಸಿಂಧುದುರ್ಗದವರೆಗೂ ಕಾಣಿಸಿಕೊಂಡಿದೆ. ಹಿಡಿದ ನೂರು ಜನರಲ್ಲಿ ಮೂರರಿಂದ ಐದು ಮಂದಿ ಉಳಿಯುವುದಿಲ್ಲ. ಹಳೆಯ ಲಸಿಕೆ ಸಾಕಷ್ಟು ರಕ್ಷಣೆ ಕೊಡುತ್ತಿಲ್ಲವೆಂದು ಅದನ್ನು ನಿಲ್ಲಿಸಿದ್ದಾರೆ. ವೈರಸ್ ಸಿಕ್ಕಿ ಎಪ್ಪತ್ತು ವರ್ಷ ಹತ್ತಿರವಾಯಿತು!

ಈಗ ಕಾಣುತ್ತಿರುವುದು ಒಬ್ಬ ಅಕ್ಕನ ಕೈ. ಮುಖ ತೋರಿಸುವುದು ಬೇಡ ಎಂದಿದ್ದಾರೆ. ಸೊಪ್ಪಿನ ಬೆಟ್ಟಕ್ಕೆ ತರಗೆಲೆ ಗುಡಿಸಲು ಹೊರಡುವ ಮುನ್ನ ಉಣುಗು ಹತ್ತದಂತೆ ಆರೋಗ್ಯ ಕೇಂದ್ರದವರು ಕೊಟ್ಟ ಎಣ್ಣೆಯನ್ನು ಮೊಣಕೈವರೆಗೆ ಸವರಿಕೊಳ್ಳುತ್ತಿದ್ದಾರೆ.

“ಸತ್ತ ಮಂಗ ಕಂಡರೆ ಏನು ಮಾಡುತ್ತೀರಿ ಅಕ್ಕಾ?”

“ಮುಟ್ಟುವುದಿಲ್ಲ ತಮ್ಮಾ. ಆಶಾ ಕಾರ್ಯಕರ್ತೆಗೆ ಫೋನ್ ಮಾಡುತ್ತೇನೆ. ಅವರು ಬಂದು ಸುತ್ತ ಔಷಧ ಹೊಡೆದ ಮೇಲೂ ಆ ವರ್ಷ ಅತ್ತ ದನ ಬಿಡುವುದಿಲ್ಲ.”