ದೇರಾದಲ್ಲಿ ಒಂದು ಬಟವಾಡೆ

ಎಲ್ಲರಿಗೂ ನಮಸ್ಕಾರ. ಅಧ್ಯಕ್ಷರು ನನ್ನನ್ನು ಪರಿಚಯಿಸುವಾಗ 'ವಿದೇಶ ಪ್ರವಾಸ ಮುಗಿಸಿ ಬಂದವರು' ಅಂದರು. ಐದು ದಿನದ ದುಬೈ ಪ್ಯಾಕೇಜು ಸ್ವಾಮಿ, ಅಷ್ಟೇ. ಆ ಐದರಲ್ಲಿ ಒಂದು ದಿನ ಮಾತ್ರ ಪ್ಯಾಕೇಜಿನಿಂದ ತಪ್ಪಿಸಿಕೊಂಡೆ. ಇವತ್ತಿನ ಮಾತು ಆ ಒಂದು ದಿನದ್ದು.

ಮೊದಲು ನಮ್ಮೂರಿನ ವಿಷಯ. ಶನಿವಾರ ಬೆಳಿಗ್ಗೆ ಕೈಮರದ ಚೆಕ್‌ಪೋಸ್ಟ್ ಹತ್ತಿರ ನಿಂತು ನೋಡಿ. ಬೆಂಗಳೂರು ಕಾರುಗಳ ಸಾಲು. ಮುಳ್ಳಯ್ಯನಗಿರಿ ಹತ್ತುತ್ತಾರೆ, ಮಂಜಿನಲ್ಲಿ ಫೋಟೊ, ಝರಿ ಫಾಲ್ಸ್, ಹೋಂಸ್ಟೇ, ಭಾನುವಾರ ಸಂಜೆ ವಾಪಸ್. 'ಚಿಕ್ಕಮಗಳೂರು ನೋಡಿದೆವು' ಅನ್ನುತ್ತಾರೆ. ನಾವು ಕೂತು ನಗುತ್ತೇವೆ. ಅದೇ ನಾವು ದುಬೈಗೆ ಹೋದರೆ? ಬುರ್ಜ್ ಖಲೀಫಾ ಹತ್ತುತ್ತೇವೆ, ಫೋಟೊ, ಮರಳಲ್ಲಿ ಜೀಪು, ಮಾಲು, ವಾಪಸ್. ಕೈಮರದಲ್ಲಿ ಸಾಲು ನಿಂತ ಕಾರು ನಾವೇ ಆಗಿಬಿಡುತ್ತೇವೆ! ಅಂದಹಾಗೆ ಆ ಬುರ್ಜ್ ಖಲೀಫಾ 828 ಮೀಟರ್. ನಮ್ಮ ಗಿರಿ ಸಾವಿರದ ಒಂಬೈನೂರು ದಾಟುತ್ತದೆ. ಅರ್ಧಕ್ಕೂ ಬರಲಿಲ್ಲ ನೋಡಿ.

ನನ್ನ ವಾದ ಒಂದೇ. ನೋಡಲು ಹೋದವರಿಗೆ ಊರು ತನ್ನ ಮುಂಬಾಗಿಲನ್ನಷ್ಟೇ ತೋರಿಸುತ್ತದೆ. ಒಳಗೆ ಹೋಗಬೇಕಾದರೆ ನಿಮಗೆ ಅಲ್ಲಿ ಒಂದು ಕೆಲಸ ಇರಬೇಕು. ಚಪ್ಪಲಿ ಹೊಲಿಸುವುದಾದರೂ ಸರಿ. ನನಗೆ ಆ ಕೆಲಸ ಕೊಟ್ಟವರು ಪಕ್ಕದ ಮನೆಯವರು.

ಅವರ ಮಗ ಅಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದಾನೆ. ನಾನು ಹೊರಡುವ ಹಿಂದಿನ ರಾತ್ರಿ ಆಕೆ ಒಂದು ಗಂಟು ತಂದರು. ಚಿಕೋರಿ ಬೆರೆಸದ ಕಾಫಿಪುಡಿ ಒಂದು ಕೆಜಿ, ಹಲಸಿನ ಹಪ್ಪಳ, ಹಪ್ಪಳದ ಕಟ್ಟಿನ ನಡುವೆ ಒಂದು ಸಣ್ಣ ಪೊಟ್ಟಣ. 'ಅದೇನಮ್ಮಾ?' ಅಂದೆ. 'ಗಸಗಸೆ ಅಣ್ಣಾ, ಹುಟ್ಟಿದ ಹಬ್ಬಕ್ಕೆ ಪಾಯಸ ಮಾಡ್ಕೊಳ್ಳಲಿ.' ನನ್ನ ಎದೆ ಧಸಕ್ಕೆಂದಿತು. ಗಸಗಸೆ ಅಫೀಮು ಗಿಡದ ಬೀಜ. ಆ ದೇಶದಲ್ಲಿ ನಿಷೇಧ, ಹಿಡಿದರೆ ಜೈಲು. 'ಪಾಯಸದ ಗಸಗಸೆಗೂ ಜೈಲಾ?' ಅಂತ ಆಕೆ ನಂಬಲೇ ಇಲ್ಲ. ಹಪ್ಪಳವನ್ನು ಒಂದೊಂದಾಗಿ ಕೊಡವಿ ಮತ್ತೆ ಕಟ್ಟುವಷ್ಟರಲ್ಲಿ ರಾತ್ರಿ ಹನ್ನೊಂದು. ನಮ್ಮನೆಯವರು 'ಇವರು ರಿಟೈರ್ ಆದ ಮೇಲೂ ಪಾರ್ಸೆಲ್ ತಪಾಸಣೆ ಬಿಟ್ಟಿಲ್ಲ' ಅಂದರು.

ನಾನು ಅಂಚೆ ಇಲಾಖೆಯವನು, ನಿಮಗೆ ಗೊತ್ತು. ಬಟವಾಡೆಗೆ ಕೊಟ್ಟದ್ದನ್ನು ವಾಪಸ್ ತರುವುದು ನಮಗೆ ಅವಮಾನ. ಹುಡುಗ ವಾಟ್ಸಾಪಿನಲ್ಲಿ ಕಳಿಸಿದ ವಿಳಾಸವೋ: 'ದೇರಾ, ಬನಿಯಾಸ್ ಸ್ಕ್ವೇರ್ ಮೆಟ್ರೊ ಹಿಂದೆ, ಕೆಫೆಟೇರಿಯಾ ಎದುರು, ಮೂರನೇ ಮಹಡಿ.' ಇದೆಂಥ ವಿಳಾಸ? ಆಮೇಲೆ ತಿಳಿಯಿತು, ಅಲ್ಲಿ ಪೋಸ್ಟ್‌ಮ್ಯಾನ್ ಮನೆ ಬಾಗಿಲಿಗೆ ಬರುವ ಪದ್ಧತಿಯೇ ಬೆಳೆಯಲಿಲ್ಲ. ಎಲ್ಲರದ್ದೂ ಪೋಸ್ಟ್ ಬಾಕ್ಸ್ ನಂಬರು. ಈಗ ಪ್ರತಿ ಕಟ್ಟಡಕ್ಕೂ ಹತ್ತು ಅಂಕಿಯ 'ಮಕಾನಿ' ನಂಬರಿದೆ, ಬಾಗಿಲ ಬಳಿ ಹಾಕಿರುತ್ತಾರೆ. ಇನ್ನೊಂದು ವಿಷಯ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 1909ರಲ್ಲಿ ದುಬೈನಲ್ಲಿ ಮೊದಲ ಅಂಚೆ ಕಚೇರಿ ತೆರೆದಾಗ ಅದನ್ನು ನಡೆಸಿದ್ದು ಭಾರತದ ಅಂಚೆ ಇಲಾಖೆ, ಅಂಟಿಸಿದ್ದು ನಮ್ಮ ಸ್ಟಾಂಪು. 1966ರವರೆಗೆ ಚಲಾವಣೆಯಲ್ಲಿದ್ದದ್ದೂ ರೂಪಾಯಿಯೇ. ಗೈಡು ಇದನ್ನು ಹೇಳಲಿಲ್ಲ, ಬುರ್ಜ್ ಖಲೀಫಾದ ಲಿಫ್ಟಿನ ವೇಗ ಮೂರು ಸಲ ಹೇಳಿದ.

ಬರ್ ದುಬೈನ ಹೋಟೆಲಿನಿಂದ ಬೆಳಿಗ್ಗೆ ಆರಕ್ಕೆ ಹೊರಟೆ. ಆಚೆ ದಡದ ದೇರಾಕ್ಕೆ ಹೋಗಲು ಕ್ರೀಕ್, ಅಂದರೆ ಊರೊಳಗೆ ಚಾಚಿಕೊಂಡ ಕಡಲ ನೀರು, ದಾಟಬೇಕು; ಅದಕ್ಕೆ 'ಅಬ್ರಾ' ಅಂತ ಮರದ ದೋಣಿ. ನಡುವೆ ಹಲಗೆ, ಎರಡೂ ಕಡೆ ಬೆನ್ನಿಗೆ ಬೆನ್ನು ಕೊಟ್ಟು ಕೂರುವುದು. ಒಂದು ದಿರ್ಹಾಂ, ದೋಣಿಯವನ ಕೈಗೇ. ನನ್ನ ಪಕ್ಕದವನ ಮಡಿಲಲ್ಲಿ ಟಿಫಿನ್ ಕ್ಯಾರಿಯರ್, ಆಚೆಯವನ ಕೈಯಲ್ಲಿ ಡ್ರಿಲ್ಲಿಂಗ್ ಮಷಿನ್. ಒಬ್ಬರೂ ನೀರಿನ ಕಡೆ ನೋಡುತ್ತಿರಲಿಲ್ಲ. ಫೋಟೊ ತೆಗೆಯಲು ನನಗೂ ನಾಚಿಕೆಯಾಯಿತು. ದೇರಾ ಕಡೆ ಇಳಿದರೆ ಮಸಾಲೆ ಸಂತೆ. ಅಂಗಡಿಗಳಿನ್ನೂ ತೆರೆದಿಲ್ಲ, ಆದರೂ ಓಣಿ ತುಂಬ ಏಲಕ್ಕಿ ಘಮ.

ದಾರಿ ತಪ್ಪಿತು, ತಪ್ಪಲೇಬೇಕು. ಒಂದು ಕೆಫೆಟೇರಿಯಾದಲ್ಲಿ ಹಿಂದಿಯಲ್ಲಿ ಕೇಳಿದೆ. ಆತ ನನ್ನ ಮುಖ, ಗಂಟು ನೋಡಿ, 'ಕನ್ನಡದಲ್ಲೇ ಹೇಳಿ ಮಾರಾಯ್ರೆ' ಅಂದ. ಕಾಸರಗೋಡಿನವ! 'ಕರಕ್' ಕುಡಿಸಿದ. ನಮ್ಮ ಖಡಕ್ ಚಹಾ ಕಣ್ರೀ, ಹೆಸರು ಅರಬ್ಬರ ಬಾಯಲ್ಲಿ ಹಾಗಾಗಿದೆ. ಹುಡುಗನ ಹೆಸರು ಹೇಳಿದ್ದೇ, 'ಏಸಿ ಹುಡುಗನಾ? ಮೇಲೆ ಇದ್ದಾನೆ, ರಾತ್ರಿ ಪಾಳಿ ಮುಗಿಸಿ ಈಗ ಬಂದ.' ಮಕಾನಿಗಿಂತ ಕೆಫೆಟೇರಿಯಾ ವಾಸಿ.

ಮೂರನೇ ಮಹಡಿ. ಒಂದು ಕೋಣೆಯಲ್ಲಿ ಎಂಟು ಮಂಚ, ರೈಲಿನ ಬರ್ತ್ ಥರ ಮೇಲೊಂದು ಕೆಳಗೊಂದು. ಇದಕ್ಕೆ 'ಬೆಡ್ ಸ್ಪೇಸ್' ಅನ್ನುತ್ತಾರೆ, ಬಾಡಿಗೆ ಮಂಚಕ್ಕೆ. ಪ್ರತಿ ಮಂಚಕ್ಕೂ ಒಂದು ಪರದೆ, ಪರದೆಯೊಳಗೆ ಒಂದು ಮನೆ. ಹುಡುಗ ಗಂಟು ಬಿಚ್ಚಿದ್ದೇ ಕಾಫಿಪುಡಿ ಮೂಸಿದ, ಮಾತಾಡಲಿಲ್ಲ. ಎದುರು ಮಂಚದ ನೇಪಾಳಿ ಹಪ್ಪಳ ತಿರುಗಿಸಿ ಮುರುಗಿಸಿ ನೋಡಿ, ಹಸಿಯಾಗೇ ಕಚ್ಚಿದ. ಕಟ್ಟಡ ಕೆಲಸದ ಇನ್ನೊಬ್ಬ ಬೇಸಿಗೆಯ ಕಥೆ ಹೇಳಿದ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ಬಿಸಿಲಲ್ಲಿ ಕೆಲಸ ಮಾಡಿಸುವಂತಿಲ್ಲ, ಕಾನೂನು. 'ಮೂರಕ್ಕೆ ಬಿಸಿಲು ಹೋಗುತ್ತದಾ?' ಅಂದೆ. ಎಲ್ಲರೂ ನಕ್ಕರು.

ಆ ದೇಶದಲ್ಲಿ ಹತ್ತು ಜನರಲ್ಲಿ ಸುಮಾರು ಒಬ್ಬರು ಮಾತ್ರ ಆ ನೆಲದ ಪ್ರಜೆಗಳು. ಉಳಿದವರು ವೀಸಾ ಮೇಲೆ ಬಂದವರು. ಹಾಗಾಗಿ 'ಸ್ಥಳೀಯರ ಹಾಗೆ ದುಬೈ ನೋಡಿ' ಅಂತ ಯಾರಾದರೂ ಹೇಳಿದರೆ, ಯಾವ ಸ್ಥಳೀಯ ಅಂತ ಕೇಳಿ. ನನ್ನ ಮಟ್ಟಿಗೆ ಆ ಎಂಟು ಮಂಚದವರೇ.

ಅಧ್ಯಕ್ಷರಿಂದ ಸಮಯದ ಚೀಟಿ ಬಂತು. ಹತ್ತು ನಿಮಿಷ ಅಂತಿದೆ... ಅಲ್ಲ, ಎರಡು. ಗಾಳಿ ಹಿಡಿಯುವ ಗೋಪುರಗಳಿರುವ ಅಲ್ ಫಹೀದಿಯ ಹಳೇ ಓಣಿ ಬಗ್ಗೆ ನಾಲ್ಕು ಪುಟ ಬರೆದಿದ್ದೆ, ಬಿಟ್ಟೆ. ಮೆಟ್ರೊದಲ್ಲಿ ಏನೂ ತಿನ್ನಬೇಡಿ, ನೂರು ದಿರ್ಹಾಂ ದಂಡ. ಎರಡನೇ ಸಾಲಿನಲ್ಲಿ ಎಲೆಅಡಿಕೆ ಹಾಕಿಕೊಂಡಿರುವವರು ಗಮನಿಸಿ. ಶುಕ್ರವಾರ ಅರ್ಧ ದಿನ, ಶನಿವಾರ ಭಾನುವಾರ ರಜೆ, 2022ರಿಂದ ಹೀಗೆ. ಕೆಲಸದ ದಿನವೇ ಹೋಗಿ.

ಕಾಫಿ ಊರಿನಲ್ಲಿ ನಿಂತು ಇದೊಂದು ಹೇಳದೆ ಹೋಗಲಾರೆ. ಹುಡುಗ ಅಮ್ಮನಿಗೆ ಖರ್ಜೂರ ಕೊಡಿಸಲು ಅಂಗಡಿಗೆ ಕರೆದೊಯ್ದ. ಅಲ್ಲಿ ಹಿಡಿ ಇಲ್ಲದ ಪುಟ್ಟ ಬಟ್ಟಲಲ್ಲಿ 'ಗಹ್ವಾ' ಕೊಟ್ಟರು. ಹಾಲಿಲ್ಲ, ಸಕ್ಕರೆ ಇಲ್ಲ, ಬಣ್ಣವೋ ಜೀರಿಗೆ ಕಷಾಯದ್ದು, ಏಲಕ್ಕಿ ಮಾತ್ರ ಧಾರಾಳ. ಬಾಬಾಬುಡನ್ ಮೋಚಾದಿಂದ ಏಳು ಬೀಜ ತಂದರು ಅಂತ ಹೇಳಿಕೊಳ್ಳುವ ಊರಿನವನಿಗೆ ಅದು ಕಾಫಿ ಅನ್ನಿಸಲೇ ಇಲ್ಲ! ಮರ್ಯಾದೆಗೆ ಕುಡಿದೆ, ಮತ್ತೆ ತುಂಬಿದರು. ಮತ್ತೆ ಕುಡಿದೆ, ಮತ್ತೆ. ನಾಲ್ಕನೆಯದಾದ ಮೇಲೆ ಹುಡುಗ ಕಿವಿಯಲ್ಲಿ ಹೇಳಿದ, 'ಅಂಕಲ್, ಸಾಕಾದರೆ ಬಟ್ಟಲು ಅಲ್ಲಾಡಿಸಬೇಕು.'

ಊರಿಗೆ ಬಂದು ಖರ್ಜೂರ ತಲುಪಿಸಿದೆ. ಆಕೆ ಬುರ್ಜ್ ಖಲೀಫಾ ಕೇಳಲಿಲ್ಲ, ಮಾಲು ಕೇಳಲಿಲ್ಲ. 'ಅವನ ರೂಮಿಗೆ ಕಿಟಕಿ ಇದೆಯಾ ಅಣ್ಣಾ?' ಅಂದರು. ಇದೆ ಅಂದೆ. ಇದೆ, ಸುಳ್ಳಲ್ಲ. ತೆರೆದರೆ ಪಕ್ಕದ ಕಟ್ಟಡದ ಏಸಿ ಡಬ್ಬಗಳು ಕೈಗೆ ಸಿಗುತ್ತವೆ, ಅದನ್ನು ಹೇಳಲಿಲ್ಲ. ಇವತ್ತು ಆಕೆ ಸಭೆಗೆ ಬಂದಿಲ್ಲ, ನೋಡಿಕೊಂಡೇ ಹೇಳಿದೆ.