ದೀಪ ಕಟ್ಟಲು ದುಡ್ಡು ಸಿಗುತ್ತದೆ, ಬಿಚ್ಚಲು?

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ಓದಿ ಕೆಲವರು ನಕ್ಕಿರಬಹುದು. ಕ್ರಿಸ್‌ಮಸ್ ಹೊತ್ತಿಗೆ ಡೌನ್‌ಟೌನ್ ಬೀದಿಗಳಲ್ಲಿ ಹಾಕುವ ದೀಪದ ಅಲಂಕಾರಕ್ಕೆ ದುಡ್ಡು ಯಾರು ಕೊಡಬೇಕು ಅನ್ನುವುದೂ ಒಂದು ಉಪನ್ಯಾಸದ ವಿಷಯವೇ ಅಂತ. ಆದರೆ ಅಮೆರಿಕದ ಊರುಗಳಲ್ಲಿ ಈ ಜಗಳ ಸುಪ್ರೀಂ ಕೋರ್ಟ್ ತನಕ ಹೋಗಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ರೋಡ್ ಐಲೆಂಡ್ ರಾಜ್ಯದಲ್ಲಿ ಪಾಟಕೆಟ್ ಅಂತ ಒಂದು ಊರಿದೆ. ಅಲ್ಲಿ ನಗರಸಭೆ ಮತ್ತು ಡೌನ್‌ಟೌನ್ ವ್ಯಾಪಾರಿಗಳ ಸಂಘ ಸೇರಿ ಪ್ರತಿ ವರ್ಷ ಅಂಗಡಿ ಬೀದಿಯ ನಡುವಿನ ಒಂದು ಪಾರ್ಕ್‌ನಲ್ಲಿ ಅಲಂಕಾರ ಮಾಡುತ್ತಿದ್ದರು. ಸಾಂಟಾ ಕ್ಲಾಸ್‌ನ ಮನೆ, ಜಾರುಬಂಡಿ ಎಳೆಯುವ ಹಿಮಸಾರಂಗಗಳು, ಕ್ರಿಸ್‌ಮಸ್ ಮರ, ನೂರಾರು ಬಣ್ಣದ ದೀಪ, ಜೊತೆಗೆ ಯೇಸು ಹುಟ್ಟಿದ ದೃಶ್ಯದ ಗೋದಲಿ. ನಗರಸಭೆ ದುಡ್ಡಿನಲ್ಲಿ ಗೋದಲಿ ಇಡುವುದು ಸರಿಯಾ ಅಂತ ಕೇಸ್ ಆಯಿತು. 1984ರಲ್ಲಿ 5-4ರ ತೀರ್ಪಿನಲ್ಲಿ ನಗರಸಭೆ ಗೆದ್ದಿತು. ಸಾಂಟಾ, ಹಿಮಸಾರಂಗ ಎಲ್ಲದರ ನಡುವೆ ಗೋದಲಿಯೂ ಇದೆ, ಹಬ್ಬದ ಅಲಂಕಾರದ ಒಂದು ಭಾಗ ಅದು ಅಂತ ಕೋರ್ಟ್ ಹೇಳಿತು.

ಧರ್ಮದ ಮಾತಿಗೆ ಆಮೇಲೆ ಬರುತ್ತೇನೆ. ಆ ತೀರ್ಪಿನಲ್ಲಿ ನನ್ನ ಕಣ್ಣು ಹೋಗುವುದು ಲೆಕ್ಕದ ಸಾಲುಗಳ ಮೇಲೆ. 1973ರಲ್ಲಿ ಆ ಗೋದಲಿ ಕೊಂಡಾಗ ನಗರಸಭೆ ಕೊಟ್ಟದ್ದು 1,365 ಡಾಲರ್. ಕೇಸ್ ನಡೆಯುವ ಹೊತ್ತಿಗೆ ಅದರ ಬೆಲೆ 200 ಡಾಲರ್‌ಗೆ ಇಳಿದಿತ್ತು. ನಿಲ್ಲಿಸಿ ಬಿಚ್ಚಲು ವರ್ಷಕ್ಕೆ ಸುಮಾರು 20 ಡಾಲರ್. ರಿಪೇರಿ, ನಿರ್ವಹಣೆಗೆ ಹತ್ತು ವರ್ಷದಿಂದ ಒಂದು ಪೈಸೆಯೂ ಖರ್ಚಾಗಿರಲಿಲ್ಲ! ಖರ್ಚು ಎಷ್ಟು ಕಡಿಮೆ ನೋಡಿ ಅಂತ ತೋರಿಸಲು ಬರೆದ ಸಾಲುಗಳು ಅವು. ನನಗೆ ಮಾತ್ರ ಅದರಲ್ಲಿ ಎಲ್ಲ ಡೌನ್‌ಟೌನ್‌ಗಳ ಕತೆಯೂ ಕಾಣುತ್ತದೆ. ಕೊಳ್ಳುವಾಗ ದುಡ್ಡಿದೆ, ನೋಡಿಕೊಳ್ಳಲು ಇಲ್ಲ.

ಈಗ ಬಿಲ್ ಬಿಚ್ಚಿ ನೋಡೋಣ. ದೀಪ ಅಂದ ತಕ್ಷಣ ಎಲ್ಲರೂ ಕೇಳುವುದು ಕರೆಂಟ್ ಬಿಲ್. ಇವತ್ತು ಅದು ದೊಡ್ಡ ಮಾತೇ ಅಲ್ಲ. ಹಳೆಯ ಕಾಲದ ದಪ್ಪ ಬಲ್ಬ್ ಒಂದೊಂದು 7 ವ್ಯಾಟ್ ತಿನ್ನುತ್ತಿತ್ತು. ಅಂಥ 1,000 ಬಲ್ಬ್‌ಗಳನ್ನು ದಿನಕ್ಕೆ 6 ಗಂಟೆಯಂತೆ 45 ರಾತ್ರಿ ಉರಿಸಿದರೆ 1,890 ಯೂನಿಟ್. ಅದೇ ಅಳತೆಯ ಎಲ್‌ಇಡಿ ಬಲ್ಬ್‌ಗೆ ಒಂದು ವ್ಯಾಟ್ ಕೂಡ ಬೇಡ, ಹಾಗಾಗಿ 270 ಯೂನಿಟ್‌ನ ಒಳಗೆ ಮುಗಿಯುತ್ತದೆ. 1973ರ ತೈಲ ಬಿಕ್ಕಟ್ಟಿನಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಅವರೇ ಟಿವಿಗೆ ಬಂದು ಅಲಂಕಾರದ ದೀಪ ಕಡಿಮೆ ಮಾಡಿ ಅಂತ ಕೇಳಿಕೊಂಡಿದ್ದರು, ಆಗ ಅದಕ್ಕೆ ಅರ್ಥವಿತ್ತು. 2022ರಲ್ಲೂ ಪ್ಯಾರಿಸ್‌ನ ಶಾಂಝೆಲಿಝೆ ಬೀದಿಯ ದೀಪಗಳನ್ನು ರಾತ್ರಿ 2 ಗಂಟೆಯ ಬದಲು 11:45ಕ್ಕೇ ಆರಿಸಿದರು. ಆದರೆ ಅವೂ ಎಲ್‌ಇಡಿಗಳೇ. ಅದರಲ್ಲಿ ಉಳಿತಾಯಕ್ಕಿಂತ ಜನರಿಗೆ ಕೊಟ್ಟ ಸಂದೇಶವೇ ಜಾಸ್ತಿ ಅಂತ ನನ್ನ ಅನಿಸಿಕೆ.

ಹಾಗಾದರೆ ದುಡ್ಡು ಎಲ್ಲಿ ಹೋಗುತ್ತದೆ? ಕೈಕೆಲಸಕ್ಕೆ. ಬೀದಿ ಕಂಬಕ್ಕೆ ಒಂದು ದೀಪದ ನಕ್ಷತ್ರ ಸಿಕ್ಕಿಸಬೇಕು ಅಂದರೆ ಜನ ನಿಂತು ಮೇಲೇರುವ ಬುಟ್ಟಿ ಇರುವ ಲಾರಿ ಬೇಕು. ಅದನ್ನು ಓಡಿಸುವವರು, ಮೇಲೆ ಹತ್ತುವವರು, ಕೆಳಗೆ ನಿಂತು ಟ್ರಾಫಿಕ್ ತಿರುಗಿಸುವವರು ಬೇಕು. ಕಂಬದಲ್ಲಿ ಪ್ಲಗ್ ಇರಬೇಕು, ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬೇಕು. ಕಂಬ ನಗರಸಭೆಯದ್ದೋ ವಿದ್ಯುತ್ ಕಂಪನಿಯದ್ದೋ ಅಂತ ಮೊದಲು ತಿಳಿಯಬೇಕು, ಕಂಪನಿಯದ್ದಾದರೆ ಅವರ ಲಿಖಿತ ಒಪ್ಪಿಗೆ ಬೇಕು, ಯಾಕೆಂದರೆ ಜೋರು ಗಾಳಿಯಲ್ಲಿ ಆ ನಕ್ಷತ್ರ ಕಂಬವನ್ನು ಎಷ್ಟು ಎಳೆಯುತ್ತದೆ ಅನ್ನುವ ಲೆಕ್ಕ ಅವರಿಗೆ ಬೇಕು. ಇನ್ಶೂರೆನ್ಸ್ ಬೇಕು. ಇಷ್ಟೆಲ್ಲ ಮುಗಿದ ಮೇಲೆ ಜನವರಿಯಲ್ಲಿ ಅದೇ ಲಾರಿ, ಅದೇ ಜನ ಮತ್ತೆ ಬರಬೇಕು. ಬಿಚ್ಚಿದ್ದನ್ನು ಉಳಿದ ಹತ್ತು ತಿಂಗಳು ಇಡಲು ಗೋಡೌನ್ ಬೇಕು. ಮರಕ್ಕೆ ಸುತ್ತಿದ ಸೀರಿಯಲ್ ಸೆಟ್‌ನ ಪಾಡು ಇನ್ನೂ ಕಷ್ಟ. ಸುಮ್ನೆ ಹಾಗೇ ಬಿಟ್ಟರೆ ಮರ ದಪ್ಪಗಾಗುತ್ತಾ ಹೋಗುತ್ತದೆ, ವೈರ್ ಕೊಂಬೆಯನ್ನು ಬಿಗಿಯುತ್ತದೆ, ಕೊಂಬೆ ಒಣಗುತ್ತದೆ. ಇದರ ಮೇಲೆ ಅಳಿಲುಗಳ ಕಾಟ. ವೈರ್ ಕಡಿಯುವುದರಲ್ಲಿ ಅವು ಪಂಟರು, ಬಜೆಟ್‌ನಲ್ಲಿ ಅವುಗಳಿಗೂ ಒಂದು ಸಾಲು ಇಡುವುದು ಒಳ್ಳೆಯದು. ತಮಾಷೆಗೆ ಹೇಳುತ್ತಿಲ್ಲ.

ಅಂದರೆ ಇದು ಆನೆ ಸಾಕಿದ ಹಾಗೆ. ತರುವ ದಿನ ಊರೆಲ್ಲ ಮೆರವಣಿಗೆ, ಮೇವಿನ ದಿನ ಯಾರೂ ಇಲ್ಲ.

ಸರಿ, ದುಡ್ಡು ಯಾರದು? ಮೊದಲ ಉಪಾಯ ಎಲ್ಲರಿಗೂ ಗೊತ್ತಿರುವುದೇ, ಚಂದಾ. ರಸೀದಿ ಪುಸ್ತಕ ಹಿಡಿದು ಅಂಗಡಿ ಅಂಗಡಿ ಸುತ್ತುವುದು. ಲಂಡನ್‌ನ ರೀಜೆಂಟ್ ಸ್ಟ್ರೀಟ್‌ನ ದೀಪಗಳೂ ಅಂಗಡಿಯವರ ದುಡ್ಡಿನಿಂದಲೇ 1954ರಲ್ಲಿ ಶುರುವಾದವು. ಪಕ್ಕದ ಆಕ್ಸ್‌ಫರ್ಡ್ ಸ್ಟ್ರೀಟ್ 1959ರಲ್ಲಿ ಅದೇ ದಾರಿ ಹಿಡಿಯಿತು. 1970ರ ದಶಕದಲ್ಲಿ ವ್ಯಾಪಾರ ಬಿದ್ದುಹೋಗಿ ಕೆಲವು ವರ್ಷ ದೀಪವೇ ಇರಲಿಲ್ಲ, 1978ರಲ್ಲಿ ಮತ್ತೆ ಬಂದವು. ಗಮನಿಸಿ, ಗಿರಾಕಿಗಳನ್ನು ಕರೆಯಬೇಕಾದ ಕಷ್ಟದ ಕಾಲದಲ್ಲೇ ಚಂದಾ ನಿಂತುಹೋಗುತ್ತದೆ. ಅದು ಲಂಡನ್ನಿನ ದೊಡ್ಡ ಬೀದಿಗೇ ಆದರೆ ಸಣ್ಣ ಊರಿನ ಡೌನ್‌ಟೌನ್ ಗತಿ ಏನು?

ಚಂದಾದ ಇನ್ನೊಂದು ಕಷ್ಟ ಕೊಡದವರದ್ದು. ಹತ್ತು ಅಂಗಡಿಯಲ್ಲಿ ಆರು ಅಂಗಡಿ ಕೊಟ್ಟರೂ ಬೆಳಕು ಹತ್ತೂ ಅಂಗಡಿಯ ಮೇಲೆ ಬೀಳುತ್ತದೆ. ಕೊಡದವನ ಬಾಗಿಲ ಮುಂದಿನ ಕಂಬ ಮಾತ್ರ ಕತ್ತಲು ಮಾಡೋಣ ಅಂದರೆ ಇಡೀ ಬೀದಿ ಹಲ್ಲು ಬಿದ್ದ ಬಾಯಿಯಂತೆ ಕಾಣುತ್ತದೆ, ಆಗ ನಷ್ಟ ಕೊಟ್ಟವರಿಗೂ. ಅದರಲ್ಲೂ ದೊಡ್ಡ ಚೈನ್ ಅಂಗಡಿಗಳು ಅಂದರೆ ತಲೆನೋವು. ಅಲ್ಲಿನ ಮ್ಯಾನೇಜರ್ ಒಳ್ಳೆಯವರೇ ಇರುತ್ತಾರೆ, ಆದರೆ ಚೆಕ್‌ಗೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ. ಹೆಡ್ ಆಫೀಸ್‌ಗೆ ಬರೆಯಬೇಕು. ಅಲ್ಲಿಂದ ಉತ್ತರ ಬರುವಷ್ಟರಲ್ಲಿ ಡಿಸೆಂಬರ್ ಮುಗಿದಿರುತ್ತದೆ. ಪ್ರತಿ ವರ್ಷ ಕೊಡುವವರು ಅವೇ ನಾಲ್ಕು ಹಳೆಯ ಅಂಗಡಿಯವರು, ಅವರಿಗೂ ಸಾಕಾಗುತ್ತದೆ ಅಲ್ವಾ?

ಜನ ಇಂಥ ಹೊತ್ತಿನಲ್ಲಿ ನ್ಯೂಯಾರ್ಕ್‌ನ ರಾಕ್‌ಫೆಲ್ಲರ್ ಸೆಂಟರ್ ತೋರಿಸುತ್ತಾರೆ, ಕಾನ್ಸಾಸ್ ಸಿಟಿಯ ಕಂಟ್ರಿ ಕ್ಲಬ್ ಪ್ಲಾಜಾ ತೋರಿಸುತ್ತಾರೆ. ಅಲ್ಲಿ ನೋಡಿ ಎಷ್ಟು ಚೆನ್ನಾಗಿ ಮಾಡುತ್ತಾರೆ ಅಂತ. ಹೌದು, ಚೆನ್ನಾಗಿಯೇ ಮಾಡುತ್ತಾರೆ. ರಾಕ್‌ಫೆಲ್ಲರ್ ಸೆಂಟರ್ ಕಟ್ಟುತ್ತಿದ್ದಾಗ 1931ರಲ್ಲಿ ಕೂಲಿಕಾರರು ತಾವೇ ದುಡ್ಡು ಹಾಕಿ ಒಂದು ಮರ ತಂದು ನಿಲ್ಲಿಸಿದರು, ಅಲ್ಲಿಂದ ಆ ಸಂಪ್ರದಾಯ ಬಂತು. ಪ್ಲಾಜಾದಲ್ಲಿ 1925ರಲ್ಲಿ ಒಂದು ಬಾಗಿಲ ಮೇಲೆ ಕಟ್ಟಿದ ಒಂದೇ ಸರದಿಂದ ಶುರು. ಆದರೆ ಅವು ಬೆಳೆದದ್ದು ಒಬ್ಬನೇ ಯಜಮಾನನ ಕೈಕೆಳಗಿನ ಜಾಗಗಳಲ್ಲಿ. ಮಾಲ್‌ಗಳಲ್ಲೂ ಅಷ್ಟೇ. ಮಾಲ್‌ನಲ್ಲಿ ಅಂಗಡಿ ಹಿಡಿದವರು ಬಾಡಿಗೆ ಜೊತೆಗೆ ಸಾಮಾನ್ಯ ಜಾಗದ ಖರ್ಚು ಅಂತ ಒಂದು ಮೊತ್ತ ಕಟ್ಟುತ್ತಾರೆ, ಅಲಂಕಾರ ಅದರಲ್ಲೇ ಆಗಿಹೋಗುತ್ತದೆ. ಯಾರೂ ಯಾರ ಬಾಗಿಲಿಗೂ ಹೋಗುವುದಿಲ್ಲ. ಡೌನ್‌ಟೌನ್‌ನಲ್ಲಿ ನೂರು ಯಜಮಾನರು.

ಈ ನೂರು ಜನರನ್ನು ಒಂದು ಲೆಕ್ಕದೊಳಗೆ ತಂದ ಉಪಾಯ ಟೊರಾಂಟೋದಲ್ಲಿ ಹುಟ್ಟಿತು. ಬ್ಲೂರ್ ಸ್ಟ್ರೀಟ್‌ನ ಮೆಟ್ರೋ ಸುರಂಗ 1968ರಲ್ಲಿ ಪಶ್ಚಿಮಕ್ಕೆ ಮುಂದುವರಿಯಿತು. ಮೇಲೆ ಟ್ರಾಮ್‌ನಲ್ಲಿ ಅಂಗಡಿ ನೋಡುತ್ತಾ ಹೋಗುತ್ತಿದ್ದ ಜನ ನೆಲದ ಕೆಳಗೆ ಹೋದರು. ಇನ್ನೊಂದು ಕಡೆ ಮಾಲ್‌ಗಳು ಎಳೆಯುತ್ತಿದ್ದವು. ಆಗ ಅಲ್ಲಿನ ವ್ಯಾಪಾರಿಗಳು ಬೀದಿ ಚೆಂದ ಮಾಡಲು ಎಲ್ಲರಿಂದಲೂ ಕಡ್ಡಾಯವಾಗಿ ದುಡ್ಡು ಎತ್ತುವ ಅಧಿಕಾರ ಕೊಡಿ ಅಂತ ಸರ್ಕಾರವನ್ನು ಕೇಳಿದರು. ಒಂಟಾರಿಯೋ ಸರ್ಕಾರ ಕಾನೂನು ಮಾಡಿತು. 1970ರಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಜಗತ್ತಿನ ಮೊದಲ ವ್ಯಾಪಾರ ಸುಧಾರಣಾ ವಲಯವಾಯಿತು. ನಗರಸಭೆ ತೆರಿಗೆಯ ಜೊತೆಗೇ ಈ ದುಡ್ಡನ್ನೂ ಎತ್ತಿ ವ್ಯಾಪಾರಿಗಳ ಮಂಡಳಿಗೆ ಕೊಡುತ್ತದೆ, ಅವರೇ ಖರ್ಚು ಮಾಡುತ್ತಾರೆ. ವಾಷಿಂಗ್ಟನ್ ರಾಜ್ಯ 1971ರಲ್ಲಿ ಇಂಥದ್ದೇ ಕಾನೂನು ತಂದಾಗ ಸಾರ್ವಜನಿಕ ಜಾಗಗಳ ಅಲಂಕಾರ ಅನ್ನುವುದನ್ನು ಖರ್ಚಿನ ಪಟ್ಟಿಯಲ್ಲೇ ಬರೆಯಿತು. ಬ್ರಿಟನ್‌ನಲ್ಲಿ ಮತ ಹಾಕಿಸುತ್ತಾರೆ. ಮತ ಹಾಕಿದವರಲ್ಲಿ ತಲೆಲೆಕ್ಕದಲ್ಲೂ ಬಹುಮತ ಬೇಕು, ಅವರ ಕಟ್ಟಡಗಳ ತೆರಿಗೆ ಮೌಲ್ಯದ ಲೆಕ್ಕದಲ್ಲೂ ಬಹುಮತ ಬೇಕು. ಐದು ವರ್ಷಕ್ಕೆ ಒಮ್ಮೆ ಮತ್ತೆ ಮತ. ಈ ಎರಡು ಬೀಗದ ಪದ್ಧತಿ ನನಗೆ ಇಷ್ಟ. ದೊಡ್ಡವರು ಚಿಕ್ಕವರನ್ನು ಎಳೆದುಕೊಂಡು ಹೋಗಲು ಆಗುವುದಿಲ್ಲ, ಚಿಕ್ಕವರು ದೊಡ್ಡವರನ್ನೂ.

ಅಮೆರಿಕದ ಎಷ್ಟೋ ಕಡೆ ಮಾತ್ರ ಒಂದು ಓರೆಕೋರೆ ಇದೆ. ಒಪ್ಪಿಗೆ ಕೊಡುವವರು ಕಟ್ಟಡದ ಮಾಲೀಕರು. ಆದರೆ ಅನೇಕ ಬಾಡಿಗೆ ಕರಾರುಗಳಲ್ಲಿ ತೆರಿಗೆ, ಶುಲ್ಕ ಎಲ್ಲ ಬಾಡಿಗೆದಾರನೇ ಕಟ್ಟಬೇಕು ಅಂತ ಇರುತ್ತದೆ. ಕೈ ಎತ್ತುವವರು ಒಬ್ಬರು, ಜೇಬಿಗೆ ಕೈ ಹಾಕುವವರು ಇನ್ನೊಬ್ಬರು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ! ಹಾಗಾಗಿ ವಲಯ ಮಾಡುವಾಗ ಬಾಡಿಗೆದಾರರಿಗೂ ಮಂಡಳಿಯಲ್ಲಿ ಕುರ್ಚಿ ಇಡದಿದ್ದರೆ, ಎರಡನೇ ವರ್ಷಕ್ಕೇ ಆ ದೀಪಗಳ ಬಗ್ಗೆ ಬೀದಿಯಲ್ಲಿ ಬೈಗುಳ ಶುರುವಾಗುತ್ತದೆ.

ನಗರಸಭೆಯೇ ಪೂರ್ತಿ ಕೊಡಲಿ ಅನ್ನುವವರಿದ್ದಾರೆ. ಬೇರೆ ಬಡಾವಣೆಯವರು ನಮ್ಮ ಬೀದಿಗೆ ಯಾಕಿಲ್ಲ ಅಂತ ಕೇಳುತ್ತಾರೆ, ನ್ಯಾಯವಾದ ಪ್ರಶ್ನೆಯೇ. ದೀಪದಿಂದ ವ್ಯಾಪಾರ ಇಷ್ಟು ಜಾಸ್ತಿಯಾಗುತ್ತದೆ, ತೆರಿಗೆ ಇಷ್ಟು ಬರುತ್ತದೆ ಅಂತ ಅಂಕಿ ಹಿಡಿದು ಹೋಗಬೇಡಿ. ಡಿಸೆಂಬರ್‌ನಲ್ಲಿ ವ್ಯಾಪಾರ ಹೇಗೂ ಏರುತ್ತದೆ. ಅದರಲ್ಲಿ ದೀಪದ ಪಾಲೆಷ್ಟು ಅಂತ ಬಿಡಿಸಿ ತೋರಿಸುವುದು ಕಷ್ಟ, ಒಬ್ಬ ಸದಸ್ಯರು ಕೊಂಚ ಕೆದಕಿದರೂ ನಿಮ್ಮ ಉಳಿದ ಮಾತಿನ ಬೆಲೆಯೂ ಹೋಗುತ್ತದೆ. ಇನ್ನು ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ರಾಜ್ಯಗಳ ಸಂವಿಧಾನಗಳಲ್ಲಿ ಸರ್ಕಾರಿ ಹಣವನ್ನು ಖಾಸಗಿಯವರಿಗೆ ದಾನ ಕೊಡಬಾರದು ಅಂತಲೇ ಇದೆ. ಅದಕ್ಕೇ ನಗರಸಭೆ ಸಂಘಕ್ಕೆ ಸುಮ್ನೆ ಚೆಕ್ ಕೊಡುವುದಿಲ್ಲ, ಇಂಥ ಕೆಲಸಕ್ಕೆ ಇಷ್ಟು ಅಂತ ಕರಾರು ಬರೆಸುತ್ತದೆ. ನನ್ನ ಕೇಳಿದರೆ ನಗರಸಭೆಯಿಂದ ನಗದು ಕೇಳುವುದಕ್ಕಿಂತ ಲಾರಿ, ಆಳು, ಕಂಬದ ಪ್ಲಗ್, ಗೋಡೌನ್ ಕೇಳಿ. ಅವು ಅವರ ಹತ್ತಿರ ಮೊದಲೇ ಇರುತ್ತವೆ, ನೀವು ಹೊರಗೆ ಕೊಂಡರೆ ದುಬಾರಿ.

ಧರ್ಮದ ಮಾತು ಚಿಕ್ಕದಾಗಿ. ಪಾಟಕೆಟ್ ಗೆದ್ದ ಐದು ವರ್ಷಕ್ಕೆ, 1989ರಲ್ಲಿ, ಪಿಟ್ಸ್‌ಬರ್ಗ್ ಡೌನ್‌ಟೌನ್‌ನ ಕೋರ್ಟ್ ಕಟ್ಟಡದೊಳಗೆ ಒಂಟಿಯಾಗಿ ಇಟ್ಟ ಗೋದಲಿ ತಪ್ಪು ಅಂತಲೂ, ಸರ್ಕಾರದ್ದೇ ಇನ್ನೊಂದು ಕಟ್ಟಡದ ಹೊರಗೆ ಕ್ರಿಸ್‌ಮಸ್ ಮರದ ಪಕ್ಕ ನಿಲ್ಲಿಸಿದ ಯಹೂದಿಗಳ ಮೆನೋರಾ ದೀಪ ಸರಿ ಅಂತಲೂ ಅದೇ ಸುಪ್ರೀಂ ಕೋರ್ಟ್ ಹೇಳಿತು. ವಕೀಲರ ಫೀಸ್ ಉಳಿಸಬೇಕಾದರೆ ಹಿಮದ ಹರಳು, ನಕ್ಷತ್ರದಂಥ ಚಳಿಗಾಲದ ಅಲಂಕಾರ ತೆಗೆದುಕೊಳ್ಳಿ. ಅದಕ್ಕೆ ಇನ್ನೊಂದು ಲಾಭವೂ ಇದೆ. ಸಾಂಟಾ ಜನವರಿ ಎರಡನೇ ವಾರಕ್ಕೆ ಹಳಸುತ್ತಾನೆ, ಹಿಮದ ಹರಳು ಫೆಬ್ರವರಿ ಕೊನೆಯ ತನಕ ನಡೆಯುತ್ತದೆ. ಹತ್ತಿಸಿ ಇಳಿಸುವ ಕೂಲಿ ಎರಡಕ್ಕೂ ಒಂದೇ.

ಪ್ರಾಯೋಜಕರು? ಬೇಡ ಅನ್ನುವುದಿಲ್ಲ. ಆದರೆ ಅವರಿಗೆ ಬೇಕಾದದ್ದು ಉದ್ಘಾಟನೆಯ ಫೋಟೋ. 2009ರಲ್ಲಿ ರೀಜೆಂಟ್ ಸ್ಟ್ರೀಟ್ ಮತ್ತು ಆಕ್ಸ್‌ಫರ್ಡ್ ಸ್ಟ್ರೀಟ್ ದೀಪಗಳು ಡಿಸ್ನಿಯ ಒಂದು ಸಿನಿಮಾದ ಜಾಹೀರಾತಾಗಿಯೇ ಬಂದವು. ಅಂಥ ದುಡ್ಡು ಬಂದರೆ ಕೊಳ್ಳುವ ಖರ್ಚಿಗೆ ಹಾಕಿ, ವರ್ಷ ವರ್ಷದ ಕೂಲಿಗೆ ಅದನ್ನು ನಂಬಬೇಡಿ. ಕೂಲಿ ಬರಬೇಕಾದದ್ದು ವಲಯದ ಶುಲ್ಕದಿಂದ, ಅದು ಇಲ್ಲದ ಊರಲ್ಲಿ ನಗರಸಭೆಯ ಕರಾರಿನಿಂದ. ಯಾರಾದರೂ ಹೊಸ ದೀಪ ದಾನ ಕೊಡಲು ಬಂದರೆ, ಮೂರು ವರ್ಷದ ಕೂಲಿ, ರಿಪೇರಿ, ಗೋಡೌನ್ ಬಾಡಿಗೆ ಲೆಕ್ಕ ಹಾಕಿ ಅದನ್ನೂ ಸೇರಿಸಿ ಕೇಳಿ. ಮುಖ ಗಂಟಿಕ್ಕಿದರೆ ಕೈಮುಗಿದು ಕಳಿಸಿ.

ಇಷ್ಟೆಲ್ಲ ತಾಪತ್ರಯ ಬೇಡ ಅನ್ನುವ ಚಿಕ್ಕ ಸಂಘಗಳಿಗೆ ಬಾಡಿಗೆ ಪದ್ಧತಿ ಇದೆ. ಅಲಂಕಾರದ ಕಂಪನಿಗಳು ಸಾಮಾನ್ಯವಾಗಿ ಮೂರು ವರ್ಷಕ್ಕೆ ಕರಾರು ಮಾಡಿಕೊಳ್ಳುತ್ತವೆ. ಕಟ್ಟುವುದು, ಬಿಚ್ಚುವುದು, ಇಡುವುದು ಎಲ್ಲ ಅವರದ್ದೇ ಆದರೆ ಒಳ್ಳೆಯದು, ಆದರೆ ಕರಾರಿನಲ್ಲಿ ಮೂರು ವಿಷಯ ಕಣ್ಣಿಟ್ಟು ಓದಿ. ನಡುವೆ ಕೆಟ್ಟ ದೀಪವನ್ನು ಎಷ್ಟು ದಿನದೊಳಗೆ ಸರಿ ಮಾಡುತ್ತಾರೆ, ಗಾಳಿಗೆ ಬಿದ್ದು ಯಾರದೋ ಕಾರಿಗೆ ಪೆಟ್ಟಾದರೆ ಯಾರ ಇನ್ಶೂರೆನ್ಸ್, ಮತ್ತು ಬಿಚ್ಚಲು ಕೊನೆಯ ತಾರೀಖು ಯಾವುದು, ತಪ್ಪಿದರೆ ದಿನಕ್ಕೆ ಎಷ್ಟು ದಂಡ. ಈ ಮಾತುಕತೆಯನ್ನು ಅಕ್ಟೋಬರ್‌ಗೆ ಇಟ್ಟುಕೊಂಡರೆ ಅವರು ಹೇಳಿದ್ದೇ ರೇಟು. ಫೆಬ್ರವರಿಯಲ್ಲಿ ಕೂರಿ, ಆಗ ಅವರಿಗೂ ಕೆಲಸ ಬೇಕಿರುತ್ತದೆ. ಈಗ ಪ್ರಶ್ನೆಗಳಿದ್ದರೆ ಕೇಳಿ.